ಹೇಳದೆ ಹೋಗಬೇಡ

ಉಡುಪಿ
ಏಪ್ರಿಲ್ ಕೊನೆಯ ವಾರ

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಸೆಕೆ ಮಾತ್ರ ಸಾಕೋ ಸಾಕು ಅನ್ನಿಸಿದೆ. ಅಳಿಯಂದಿರಿಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿದೆ, ಮೇ ಕೊನೆಗೆ ಎಲ್ಲರೂ ಬರುತ್ತೀರಿ ಅಂತ ಕೇಳಿ ತುಂಬಾ ಖುಷಿಯಾಯಿತು. ಆದರೆ ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಹೇಳಿದೆ. "ಪುಟ್ಟನಿಗೆ ಇನ್ನೂ ಏನೂ ಹೇಳಿಲ್ಲ ದೊಡ್ಡಮ್ಮ, ಸುಮ್ನೆ ಯಾಕೆ ಈಗಲೇ ಅಳಿಸೋದು?" ಅದೇ ತಲೆಯಲ್ಲಿ ಕೊರೆಯುತ್ತಿದೆ. ಫೋನಿನಲ್ಲೇ ಹೇಳಬಹುದಿತ್ತು. ನೀನು "ಹೂಂ, ಹೂಂ" ಅಂತ ಇಟ್ಟುಬಿಡುತ್ತೀ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮನೆಯೊಳಗೆ ರಟ್ಟಿನ ಪೆಟ್ಟಿಗೆ ಬಂದ ದಿನವೇ ಅವನಿಗೆ ಏನೋ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಏನು ಅಂತ ಮಾತ್ರ ಗೊತ್ತಾಗುವುದಿಲ್ಲ. ಆಗ ತಾನೇ ಒಂದು ಕಥೆ ಕಟ್ಟಿಕೊಳ್ಳುತ್ತಾನೆ. ಪೆಟ್ಟಿಗೆಗೆ ಹೋದ ಕಾರು ವಾಪಸ್ ಬರುವುದಿಲ್ಲ, ನಾಳೆ ನನ್ನನ್ನೂ ತುಂಬಿಸಿಬಿಡುತ್ತಾರೆ. ಮೂರೂವರೆ ವರ್ಷದವನ ತಲೆ ಹೀಗೇ ಓಡುವುದು. ಈಗಲೇ ಹೇಳಬೇಕಂತಲೂ ಇಲ್ಲ, ಒಂದು ತಿಂಗಳು ಅಂದರೆ ಅವನಿಗೆ ಏನೂ ಅಲ್ಲ. ಹೊರಡುವುದಕ್ಕೆ ಎರಡು ವಾರ ಇರುವಾಗ ಹೇಳು. ಏನು ಬದಲಾಗುತ್ತದೆ ಅಂತ ಹೇಳು, ಏನು ಬದಲಾಗುವುದಿಲ್ಲ ಅಂತಲೂ ಹೇಳು. ಅಪ್ಪ ಬರುತ್ತಾರೆ, ನೀಲಿ ಲೋಟ ಬರುತ್ತದೆ, ರಾತ್ರಿ ಕಥೆ ಅಲ್ಲಿಯೂ ಇರುತ್ತದೆ. ಅವನಿಗೇ ಒಂದು ಪೆಟ್ಟಿಗೆ ಕೊಡು. ತಾನೇ ತುಂಬಲಿ, ಮೇಲೆ ಏನಾದರೂ ಗೀಚಲಿ. ಇಲ್ಲಿಗೆ ಬಂದ ಮೇಲೆ ಪಾತ್ರೆ ಪೆಟ್ಟಿಗೆಗಿಂತ ಮೊದಲು ಅದನ್ನೇ ಬಿಚ್ಚಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಿನ್ನ ಅಣ್ಣನನ್ನು ಬಾಲವಾಡಿಗೆ ಬಿಟ್ಟ ಮೊದಲ ದಿನ ಅಲ್ಲಿಯ ಟೀಚರ್ "ಅವನು ಆಟದಲ್ಲಿರುವಾಗ ಮೆಲ್ಲ ಹೋಗಿಬಿಡಿ" ಅಂದರು. ನಾನು ಹಾಗೇ ಮಾಡಿದೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕಳ್ಳಿಯ ಹಾಗೆ ಹೊರಬಂದೆ. ಅವತ್ತು ಎಷ್ಟು ಅತ್ತನೋ, ಮಧ್ಯಾಹ್ನ ಕರೆಯಲು ಹೋದಾಗ ದನಿಯೇ ಇರಲಿಲ್ಲ. ಅದರ ನಂತರ ಮೂರು ತಿಂಗಳು ನಾನು ಬಾವಿಕಟ್ಟೆಗೆ ಹೋದರೂ ಸೆರಗು ಬಿಡುತ್ತಿರಲಿಲ್ಲ. ಬಚ್ಚಲಿನ ಬಾಗಿಲಲ್ಲಿ ಕೂತು ಕಾಯುತ್ತಿದ್ದ. ಬಾಲವಾಡಿಗೆ ಹೆದರಿದ್ದಾನೆ ಅಂತ ಎಲ್ಲರೂ ಹೇಳಿದರು. ಅವನ ಹೆದರಿಕೆ ಬೇರೆಯೇ ಇತ್ತು: ಕಣ್ಣು ಆಚೆ ತಿರುಗಿಸಿದರೆ ಅಮ್ಮ ಮಾಯವಾಗುತ್ತಾಳೆ. ಮುಂದೆ ನಾನೇ ಬಾಲವಾಡಿಯಲ್ಲಿ ಇಪ್ಪತ್ತು ವರ್ಷ ಮಕ್ಕಳನ್ನು ನೋಡಿಕೊಂಡೆ. ಯಾವ ತಾಯಿಗೂ ಮೆಲ್ಲ ಹೋಗಿ ಅಂತ ಹೇಳಲಿಲ್ಲ.

ಹಾಗಾಗಿ ಜೂನ್‌ನಲ್ಲಿ ಶಾಲೆಗೆ ಬಿಡುವಾಗ ಮುಖ ನೋಡಿ ಹೇಳಿ ಹೋಗು. "ಅಮ್ಮ ಹೋಗ್ತಾಳೆ. ನೀನು ಊಟ ಮಾಡಿ, ಕೈ ತೊಳೆದು, ಚೀಲ ಹಾಕಿಕೊಂಡಾಗ ಬರ್ತಾಳೆ." ಹನ್ನೆರಡೂವರೆಗೆ ಅಂದರೆ ಅವನಿಗೆ ಅರ್ಥವಾಗುವುದಿಲ್ಲ. ಈ ವಯಸ್ಸಿನವರಿಗೆ ಊಟ, ನಿದ್ದೆ, ಆಟ ಇವೇ ಗಡಿಯಾರ. "ಈಗ ಬಂದೆ" ಅಂತ ಮಾತ್ರ ಹೇಳಬೇಡ, ಅದು ಸುಳ್ಳು. ಹೇಳಿದ ಮೇಲೆ ಹೊರಟುಬಿಡು. ಗೇಟಿನಲ್ಲಿ ನಿಂತು ಇನ್ನೊಂದು ಸಲ, ಮತ್ತೊಂದು ಸಲ ಅಂತ ಟಾಟಾ ಮಾಡುತ್ತಾ ಇದ್ದರೆ ಅಳು ಜಾಸ್ತಿಯೇ ಆಗುವುದು. ಅಳುತ್ತಾನೆ, ಅಳಲಿ. ಹೇಳಿದ ಹೊತ್ತಿಗೆ ನೀನು ಬಂದೆ ಅಂತ ನಾಲ್ಕೈದು ದಿನ ಕಂಡರೆ ಅವನಿಗೇ ಧೈರ್ಯ ಬರುತ್ತದೆ. ಒಂದು ದಿನ ತಡವಾದರೆ ಶಾಲೆಗೆ ಫೋನ್ ಮಾಡಿ ಅವನಿಗೆ ಹೇಳಿಸು.

ಭಾಷೆಯದ್ದು ದೊಡ್ಡ ಕಷ್ಟ ಅಲ್ಲ. ಆಯಾ ತುಳುವಿನಲ್ಲಿ ಮಾತಾಡಿದರೆ ಬೆಚ್ಚಬಾರದು ಅಷ್ಟೆ. "ಬಲ" ಅಂದರೆ ಬಾ, "ಒಣಸ್" ಅಂದರೆ ಊಟ, ಇಷ್ಟು ಗೊತ್ತಿದ್ದರೆ ಸಾಕು. ಉಳಿದದ್ದು ಅವನೇ ಕಲಿತು ನಿನಗೆ ಕಲಿಸುತ್ತಾನೆ.

ಮಳೆಯ ಬಗ್ಗೆ ನೀನು ಯೋಚಿಸಿರಲಿಕ್ಕಿಲ್ಲ. ನೀನು ಇಲ್ಲೇ ಹುಟ್ಟಿದವಳು, ನಿನಗೆ ಅದು ಮಳೆ ಅಷ್ಟೆ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದಕ್ಕಿಂತ ಜಾಸ್ತಿ ಮಳೆ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. ಅಂಗಳದ ತಗಡಿನ ಮೇಲೆ ಅದು ಬಡಿಯುವಾಗ ನಮಗೇ ಪಕ್ಕದವರ ಮಾತು ಕೇಳಿಸುವುದಿಲ್ಲ. ಜೊತೆಗೆ ಗುಡುಗು, ಕರೆಂಟಿಲ್ಲ, ರಾತ್ರಿಯಿಡೀ ಕಪ್ಪೆ. ಮೊದಲ ಮಳೆಗೆ ಅವನನ್ನು ಎತ್ತಿಕೊಂಡು ಜಗಲಿಯಲ್ಲಿ ಕೂತುಕೋ. ಕೈ ಚಾಚಲಿ, ಸಾಕಾದರೆ ಒಳಗೆ ಹೋಗಲಿ. "ಇದಕ್ಕೆಲ್ಲ ಹೆದರ್ತಾರಾ, ಗಂಡು ಹುಡುಗ" ಅಂತ ನಿನ್ನ ದೊಡ್ಡಪ್ಪ ಶುರು ಮಾಡುತ್ತಾರೆ. ಅವರನ್ನು ನಾನು ನೋಡಿಕೊಳ್ಳುತ್ತೇನೆ.

ಅಷ್ಟಮಿಗೆ ಹುಲಿವೇಷದವರು ಬಂದಾಗಲೂ ಇದೇ ತಾಪತ್ರಯ. ತಾಸೆಯ ಪೆಟ್ಟು ಕೇಳಿದ್ದೇ ಮಕ್ಕಳು ಕಿರುಚುತ್ತವೆ, ದೊಡ್ಡವರು ನಗುತ್ತಾ ಎಳೆದು ಹುಲಿಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ನನಗೆ ಅದನ್ನು ಕಂಡರೆ ಸಿಟ್ಟು ಬರುತ್ತದೆ. "ಅದು ನಮ್ಮ ಪಕ್ಕದ ಮನೆ ಅಣ್ಣ ಮಾರಾಯಾ" ಅಂದರೆ ಆ ವಯಸ್ಸಿಗೆ ತಲೆಗೆ ಹೋಗುವುದಿಲ್ಲ. ಅಮೆರಿಕದ ರೀಟಾ ಡಿವ್ರೀಸ್ ಅಂತ ಒಬ್ಬರು 1969ರಲ್ಲಿ ಒಂದು ಪರೀಕ್ಷೆಯ ಬಗ್ಗೆ ಬರೆದಿದ್ದರು. ಮಕ್ಕಳಿಗೆ ಒಂದು ಸಾಧು ಬೆಕ್ಕನ್ನು ಮುಟ್ಟಲು ಕೊಟ್ಟು, ಆಮೇಲೆ ಅದಕ್ಕೆ ನಾಯಿಯ ಮುಖವಾಡ ಹಾಕಿದರು. ಆರು ವರ್ಷದವರು ಅದು ಬೆಕ್ಕೇ ಅಂದರು. ಮೂರು ವರ್ಷದವರಲ್ಲಿ ಎಷ್ಟೋ ಮಂದಿಗೆ ಬೆಕ್ಕು ನಿಜವಾಗಿಯೂ ನಾಯಿಯೇ ಆಗಿಹೋಗಿತ್ತು! ಹಾಗಿರುವಾಗ ನಮ್ಮ ಪುಟ್ಟನಿಗೆ ಹುಲಿ ಹುಲಿಯೇ. ವೇಷದವರಿಗೆ ಬಣ್ಣ ಬಳಿಯುವ ಜಾಗಕ್ಕೆ ಮೊದಲೇ ಕರೆದುಕೊಂಡು ಹೋಗೋಣ. ಅಣ್ಣ ಚಹಾ ಕುಡಿಯುತ್ತಾ ಕೂತಿರುವುದು, ಬೆನ್ನಿಗೆ ಪಟ್ಟೆ ಬೀಳುವುದು, ಎಲ್ಲ ದೂರದಿಂದ ನೋಡಲಿ. ಆದರೂ ಮಾರನೇ ದಿನ ಹೆದರಿದರೆ ನಿನ್ನ ಹೆಗಲ ಮೇಲಿಂದಲೇ ನೋಡಲಿ. ಹುಲಿ ಮುಂದಿನ ವರ್ಷವೂ ಬರುತ್ತದೆ.

ಬಂದ ಹೊಸತರಲ್ಲಿ ಹಾಸಿಗೆ ಒದ್ದೆ ಮಾಡಬಹುದು, ಪಾಪುವಿನ ಹಾಗೆ ತೊದಲಬಹುದು. ಬೈಯಬೇಡ. ತಾನಾಗಿ ಸರಿಹೋಗುವುದೇ ಹೆಚ್ಚು. ವಾರಗಟ್ಟಲೆ ಊಟ, ನಿದ್ದೆ ಬಿಟ್ಟರೆ ಮಾತ್ರ ಡಾಕ್ಟರಿಗೆ ತೋರಿಸೋಣ. ಊರು ಹೊಸತು, ಮನೆ ಹೊಸತು, ಶಾಲೆ ಹೊಸತು. ಈ ಗಡಿಬಿಡಿಯಲ್ಲೇ ಹಾಲಿನ ಬಾಟಲಿ ಬಿಡಿಸುವುದು, ಬೇರೆ ಮಲಗಿಸುವುದು ಎಲ್ಲ ಶುರು ಮಾಡಬೇಡ.

ಅವನು ಮೂಗಿಗೆ ಒತ್ತಿಕೊಂಡು ಮಲಗುವ ನಿನ್ನ ಹಳೇ ದುಪಟ್ಟಾ ಇದೆಯಲ್ಲ, ಅದನ್ನು ಲಾರಿಯಲ್ಲಿ ಕಳಿಸಬೇಡ, ಕೈಚೀಲದಲ್ಲೇ ಇಟ್ಟುಕೋ. ಹೊಸ ಮನೆಗೆ ಹೋಗುವುದು ಅಂತ ಒಗೆದು ಇಸ್ತ್ರಿ ಮಾಡಲೂ ಹೋಗಬೇಡ. ನಿನಗೆ ಕಮಟು ವಾಸನೆ, ಅವನಿಗೆ ಅದೇ ಬೆಂಗಳೂರಿನ ಮನೆ.

ನಿನ್ನ
ದೊಡ್ಡಮ್ಮ