ಗುಂಪಿನ ಸದಸ್ಯರ ಗಮನಕ್ಕೆ: ಮಣ್ಣಿನ ಕಲಿಕೆಯಲ್ಲಿ ಕಂಡ ಪ್ರಗತಿ

ಆತ್ಮೀಯ ಸದಸ್ಯರೇ,

ಶಿಲ್ಪ ಮತ್ತು ಕುಂಬಾರಿಕೆಯ ತರಗತಿಯಲ್ಲಿರುವ ನಮ್ಮ ವಿದ್ಯಾರ್ಥಿನಿಯೊಬ್ಬಳ ಕಲಿಕೆ ಈ ಅವಧಿಯಲ್ಲಿ ಬಹಳ ಮುಂದುವರಿದಿದೆ ಎಂದು ತಿಳಿಸಲು ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಮೊದಲೆಲ್ಲ ಹೂಜಿಗೆ ಹಿಡಿಕೆಯನ್ನು ಹಾಗೆಯೇ ಒತ್ತಿ ಕೂರಿಸುತ್ತಿದ್ದಳು. ಒಣಗುವಾಗ ಅದು ಬಿರುಕು ಬಿಟ್ಟು ಕಳಚಿಕೊಳ್ಳುತ್ತಿತ್ತು. ಈಗ ಎರಡೂ ಭಾಗಗಳು ಒಂದೇ ಹದಕ್ಕೆ ಆರಿವೆಯೇ ಎಂದು ಬೆರಳಿನಿಂದ ಒತ್ತಿ ನೋಡಿ, ಸೇರುವ ಜಾಗದಲ್ಲಿ ಅಡ್ಡಡ್ಡ ಗೀರು ಹಾಕಿ, ನೀರಾಗಿ ಕಲಸಿದ ಮಣ್ಣನ್ನು ಹಚ್ಚಿ ಕೂಡಿಸುತ್ತಾಳೆ. ತಿಗರಿಯ (ಕುಂಬಾರರ ಚಕ್ರದ) ಮೇಲೆ ಮಣ್ಣಿನ ಮುದ್ದೆಯನ್ನು ನಡುವಿಗೆ ತರುವುದು ಇನ್ನೂ ಕಷ್ಟವಾಗುತ್ತಿದೆ; ಅದಕ್ಕೆ ಅವಸರ ಬೇಡವೆಂಬುದು ನನ್ನ ಅಭಿಪ್ರಾಯ.

ಶಿಲ್ಪದಲ್ಲಂತೂ ಅವಳು ನೋಡುವ ರೀತಿಯೇ ಬದಲಾಗಿದೆ. ಕಣ್ಣು, ಮೂಗುಗಳಿಂದ ತೊಡಗದೆ ತಲೆಯ ಒಟ್ಟು ಆಕಾರವನ್ನು ಮೊದಲು ಕಟ್ಟಿ, ಹಲಗೆಯನ್ನು ತಿರುಗಿಸುತ್ತ ಎಲ್ಲ ಬದಿಗಳಿಂದಲೂ ನೋಡಿ, ಆಮೇಲಷ್ಟೇ ವಿವರಗಳಿಗೆ ಇಳಿಯುತ್ತಾಳೆ. ದಪ್ಪ ಭಾಗದಲ್ಲಿ ಉಳಿದ ತೇವವು ಸುಡುವಾಗ ಆವಿಯಾಗಿ ಕೃತಿಯನ್ನೇ ಒಡೆಯಬಲ್ಲದಾದ್ದರಿಂದ, ತಲೆಯ ಒಳಭಾಗದ ಮಣ್ಣನ್ನು ತೆಗೆದು ಟೊಳ್ಳು ಮಾಡಿದ್ದಾಳೆ.

ಕೃತಿಗಳನ್ನು ಆವಿಗೆಯಲ್ಲಿ (ಮಣ್ಣಿನ ವಸ್ತುಗಳನ್ನು ಸುಡುವ ಗೂಡಿನಲ್ಲಿ) ಮೊದಲ ಬಾರಿಗೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ ಶಾಖದಲ್ಲಿ ಸುಡಲಾಗುವುದು. ಮುಟ್ಟಿದಾಗ ತಣ್ಣಗಿರುವ ಮಣ್ಣಿನಲ್ಲಿ ಇನ್ನೂ ತೇವವಿರುತ್ತದೆ. ಆದ್ದರಿಂದ ಸುಡುವವರೆಗೆ ಕಪಾಟಿನಲ್ಲಿರುವ ಕೃತಿಗಳನ್ನು ಯಾರೂ ಎತ್ತುವುದಾಗಲಿ, ಬೇಗ ಒಣಗಲೆಂದು ಬಿಸಿಲಿಗಿಡುವುದಾಗಲಿ ಮಾಡಬಾರದೆಂದು ವಿನಂತಿಸುತ್ತೇನೆ.