ಉಪ್ಪು ಹಾಕಿ ಅಂದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳ ಬಸವನಹುಳು ಹಾವಳಿ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ಹತೋಟಿಯಲ್ಲಿದೆ, ರೈತರು ಹೆದರಬೇಕಾಗಿಲ್ಲ’ ಅಂತ ಅದರಲ್ಲಿ ತೋಟಗಾರಿಕೆ ಇಲಾಖೆಯವರು ಅಂದಿದ್ದಾರಲ್ಲ, ಯಾರ ಹತೋಟಿಯಲ್ಲಿದೆ? ಆ ಮಾತು ನಂಬಿಕೊಂಡು ನಿನ್ನೆ ಕೆಲಸ ಬಿಟ್ಟು, ಜಡಿಮಳೆಯಲ್ಲಿ ಬಸ್ಸು ಕಾದು ಇಲಾಖೆಯ ಕಚೇರಿಗೆ ಹೋದೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅಂದರು. ಒದ್ದೆ ಬಟ್ಟೆಯಲ್ಲೇ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತೆ. ಕೊನೆಗೆ ಒಬ್ಬರು ತಲೆ ಕೂಡ ಎತ್ತದೆ ‘ಔಷಧಿ ಸ್ಟಾಕ್ ಇಲ್ಲ, ಉಪ್ಪು ಹಾಕಿ’ ಅಂದುಬಿಟ್ಟರು. ತೋಟಕ್ಕೆಲ್ಲ ಉಪ್ಪು ಸುರಿದರೆ ಹುಳುವಿನ ಜೊತೆ ಮಣ್ಣೂ ಹಾಳು ಅಂತ ಗೊತ್ತಿಲ್ವಾ ಇವರಿಗೆ?

ಒಂದು ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಬಂದು ನೋಡಲಿ. ಹೋದ ವರ್ಷ ನೆಟ್ಟ ಅಡಿಕೆ ಸಸಿಗಳ ಸುಳಿಯನ್ನೇ ತಿಂದು ಹಾಕಿವೆ. ಬಾಳೆ, ಪಪ್ಪಾಯಿ, ಹಿತ್ತಲ ಬೆಂಡೆ ಯಾವುದನ್ನೂ ಬಿಟ್ಟಿಲ್ಲ. ಬಚ್ಚಲ ಗೋಡೆ ಮೇಲೂ ಲೋಳೆ. ನಾನು, ಮನೆಯವಳು ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇವೆ. ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಇಲಿಗಳ ಶ್ವಾಸಕೋಶದಲ್ಲಿರುವ ಒಂದು ಜಂತು ಇದರ ಮೂಲಕ ಮನುಷ್ಯರಿಗೆ ಬಂದರೆ ಮಿದುಳಿಗೇ ತೊಂದರೆ. ಒದ್ದೆ ಗೋಣಿಚೀಲದ ಅಡಿಗೆ ಕೋಸಿನ ಎಲೆ, ಪಪ್ಪಾಯಿ ಎಲೆ ಇಟ್ಟು ಬೆಳಗ್ಗೆ ಎತ್ತಿದರೆ ರಾಶಿ ರಾಶಿ ಸಿಗುತ್ತವೆ. ಆದರೆ ಪಕ್ಕದ ಪಾಳು ತೋಟದಲ್ಲಿ ಕೇಳುವವರೇ ಇಲ್ಲ. ಗಂಡು ಹೆಣ್ಣು ಎರಡೂ ಒಂದೇ ಹುಳುವಿನಲ್ಲಿ, ಒಂದು ಸಲಕ್ಕೆ ನೂರಾರು ಮೊಟ್ಟೆ. ದರಗು ಕೆದಕಿದರೆ ಸಾಬಕ್ಕಿ ಚೆಲ್ಲಿದ ಹಾಗೆ ಬಿದ್ದಿರುತ್ತವೆ. ನಾನೊಬ್ಬ ಆರಿಸಿದರೆ ಮುಗಿಯುತ್ತದಾ? ಇಡೀ ಊರು ಒಂದೇ ವಾರ ಒಟ್ಟಿಗೆ ಇಳಿಯಬೇಕಾದ ಕೆಲಸ ಇದು. ಇಲಾಖೆ ಬೇಕಾಗಿರುವುದೇ ಅದಕ್ಕೆ.

ಇದೇನು ನಿನ್ನೆ ಮೊನ್ನೆ ಬಂದ ಹುಳು ಅಲ್ಲ. ಆಫ್ರಿಕಾದ ಈ ಹುಳುವನ್ನು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟರು. ಕೊಡಗಿನ ಶನಿವಾರಸಂತೆ ಕಡೆ ಕಾಫಿ ತೋಟಗಳಿಗೆ ನುಗ್ಗಿದಾಗಲೇ ನಮ್ಮವರು ಎಚ್ಚೆತ್ತುಕೊಳ್ಳಬೇಕಿತ್ತು. ನರ್ಸರಿ ಸಸಿಯ ಮಣ್ಣಿನಲ್ಲಿ, ಗೊಬ್ಬರದ ಲಾರಿಯಲ್ಲಿ ಮೊಟ್ಟೆ ಬರುತ್ತದೆ, ನೋಡುವವರು ಯಾರು? ಹುಳು ಕೊಲ್ಲುವ ಮೆಟಾಲ್ಡಿಹೈಡ್ ವಿಷದ ಹರಳನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದರೂ ನಾಯಿ, ದನ ತಿಂದು ಸಾಯದ ಹಾಗೆ ಹಾಕುವುದು ಹೇಗೆ ಅಂತ ಹೇಳಿಕೊಡಲು ಒಬ್ಬರೂ ಬರಲಿಲ್ಲ.

ಎಲೆಚುಕ್ಕಿ ರೋಗ ಬಂದಾಗಲೂ ಇದೇ ಕಥೆ, ಫೋಟೊ ತೆಗೆದುಕೊಂಡು ಹೋದವರು ವಾಪಸ್ ಬರಲಿಲ್ಲ. ಮಂಗಗಳ ಕಾಟಕ್ಕೆ ಅರ್ಜಿ ಕೊಟ್ಟರೆ ಆ ಕಚೇರಿಯಿಂದ ಈ ಕಚೇರಿಗೆ ಅಲೆಸಿದರು. ಬೆಳೆವಿಮೆ ಕಂತು ಮಾತ್ರ ಸರಿಯಾಗಿ ಕಟ್ ಆಗುತ್ತದೆ.

ಕೂಡಲೇ ಔಷಧಿ ತರಿಸಲಿ, ಇಲ್ಲವೇ ಪಂಚಾಯಿತಿಯವರಾದರೂ ಪಾಳು ತೋಟ ಸವರಿಸಲಿ, ಏನಾದರೂ ಒಂದು ಮಾಡಲಿ. ಸಂಬಳ ತೆಗೆದುಕೊಳ್ಳುವವರು ಬೆಂಚಿನ ಮೇಲೆ ಕೂತ ರೈತನ ಮುಖ ನೋಡಿ ಮಾತಾಡುವುದನ್ನಾದರೂ ಕಲಿಯಲಿ.

ಇತಿ,
ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು