ಶಬ್ದ ಬರಲಿಲ್ಲವೆಂದು ಎಲ್ಲ ವಾಲ್ಯೂಮ್ ಏರಿಸಿದವನಿಗೆ

ಪುಟ್ಟಾ,

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಮನೆಯ ಸುದ್ದಿ ನಿನ್ನಪ್ಪನೇ ಹೇಳಿರುತ್ತಾನೆ, ಅದನ್ನು ಬಿಡುತ್ತೇನೆ. ಲಿನಕ್ಸ್ ಹಾಕಿಕೊಂಡಿದ್ದು, ಕೋಡ್ ಬರೆದು ಶಬ್ದ ಹುಟ್ಟಿಸುವ ಆ ಸೂಪರ್‌ಕೊಲೈಡರ್‌ನ ಸರ್ವರ್ ಬೂಟ್ ಆಗದೆ ಸತಾಯಿಸಿದ್ದು, ಶಬ್ದವನ್ನು ಕಾರ್ಡ್‌ವರೆಗೆ ಸಾಗಿಸಲು ಜ್ಯಾಕ್ ಬೇಕೋ ಪೈಪ್‌ವೈರ್ ಸಾಕೋ ಎಂದು ತಲೆ ಕೆಡಿಸಿಕೊಂಡಿದ್ದು, ಎಲ್ಲ ಚೆನ್ನಾಗಿ ಬರೆದಿದ್ದೀಯ. ಅದರ ನಡುವೆ ಸುಮ್ನೆ ಒಂದು ಸಾಲು. "ಹೆಡ್‌ಫೋನ್‌ನಲ್ಲಿ ಒಮ್ಮೆಲೇ ಕಿರ್ರ್ ಅಂತ ಬಂತು ಅತ್ತೆ, ಮಲಗೋವರೆಗೂ ಕಿವಿ ಗುಂಯ್ ಅಂತಿತ್ತು, ಈಗ ಕೋಡ್ ರನ್ ಮಾಡೋಕೇ ಭಯ ಆಗುತ್ತೆ." ಮುಂದಿನ ಸಾಲಿನಲ್ಲೇ ಬಫರ್, ಅಂದರೆ ಶಬ್ದವನ್ನು ಮುಂಚೆಯೇ ತುಂಬಿಟ್ಟುಕೊಳ್ಳುವ ಜಾಗ, ಎಷ್ಟಿಡಬೇಕು ಎಂದು ಕೇಳಿದ್ದೀಯ.

ಬಫರ್ ಆಮೇಲೆ ನೋಡೋಣ. ಕಿವಿ ಈಗ ಹೇಗಿದೆ?

ಗುಂಯ್ ಅನ್ನುವುದು ಪೂರ್ತಿ ನಿಂತಿದೆಯೋ, ಅಥವಾ ಹಗಲಿನ ಗದ್ದಲದಲ್ಲಿ ನಿನಗೆ ಕೇಳಿಸುತ್ತಿಲ್ಲವೋ? ಎರಡೂ ಬೇರೆ ಬೇರೆ. ರಾತ್ರಿ ಫ್ಯಾನ್ ನಿಲ್ಲಿಸಿ, ಬಾಗಿಲು ಹಾಕಿ, ಸ್ವಲ್ಪ ಹೊತ್ತು ಕೂತು ಕೇಳು. ಇನ್ನೂ ಇದ್ದರೆ, ಅಥವಾ ಒಂದು ಕಿವಿಗೆ ಹತ್ತಿ ತುರುಕಿದ ಹಾಗೆ ಅನ್ನಿಸುತ್ತಿದ್ದರೆ, ಕಿವಿ ಡಾಕ್ಟರ ಹತ್ತಿರ ಹೋಗು. ಒಂದು ಕಿವಿ ಇದ್ದಕ್ಕಿದ್ದಂತೆ ಮಂಕಾದರಂತೂ ಅವತ್ತೇ ಹೋಗಬೇಕು. ಅದಕ್ಕೆ ಕೊಡುವ ಔಷಧ ಮೊದಲ ಕೆಲವು ದಿನಗಳಲ್ಲಿ ಕೊಟ್ಟರೇ ಹಿಡಿಯುವ ಸಾಧ್ಯತೆ ಜಾಸ್ತಿ. ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡ. ಹೆದರಿರುವುದು ನಾನು.

ಏನಾಯಿತು ಅಂತ ನಿನ್ನ ಪತ್ರದಲ್ಲೇ ಇದೆ, ನೀನು ಜೋಡಿಸಿ ನೋಡಿಲ್ಲ ಅಷ್ಟೇ. ಎರಡನೇ ಪುಟದಲ್ಲಿ ಶಬ್ದವೇ ಬರುತ್ತಿರಲಿಲ್ಲ ಎಂದು ಬರೆದಿದ್ದೀಯ. ಲಿನಕ್ಸ್‌ನ ವಾಲ್ಯೂಮ್ ಹಲಗೆಯಾದ ಆಲ್ಸಾಮಿಕ್ಸರ್ ತೆಗೆದು ಎಲ್ಲ ಕಂಬಗಳನ್ನೂ ಮೇಲಕ್ಕೆ ಏರಿಸಿದೆ, ಡೆಸ್ಕ್‌ಟಾಪ್ ವಾಲ್ಯೂಮ್ ನೂರಕ್ಕೆ ಇಟ್ಟೆ, ಹೆಡ್‌ಫೋನ್ ಆಂಪ್‌ನ ಗುಂಡಿಯನ್ನೂ ತಿರುಗಿಸಿದೆ. ಮೂರನೇ ಪುಟದಲ್ಲಿ, ಶಬ್ದ ಎಚ್‌ಡಿಎಂಐ ದಾರಿಯಲ್ಲಿ ಮಾನಿಟರ್‌ಗೆ ಹೋಗುತ್ತಿತ್ತು ಎಂದು ಗೊತ್ತಾಯಿತು, ಶಬ್ದದ ದಾರಿ ತೋರಿಸುವ ಗ್ರಾಫ್‌ನಲ್ಲಿ ತಂತಿ ಬದಲಾಯಿಸಿದೆ ಎಂದಿದ್ದೀಯ. ನಲ್ಲಿಯಲ್ಲಿ ನೀರಿಲ್ಲ ಎಂದು ಮನೆಯ ನಲ್ಲಿಗಳನ್ನೆಲ್ಲ ಪೂರ್ತಿ ತಿರುಗಿಸಿಟ್ಟು, ಆಮೇಲೆ ಪಂಪ್ ಹಾಕಿದ ಹಾಗಾಯಿತು. ನೀನು ಬರೆದ ಕೋಡೇ ತಪ್ಪಿರಬೇಕು ಎಂದೇನಿಲ್ಲ. ಪ್ರೋಗ್ರಾಮ್ ಕೂಡ ಕೆಟ್ಟಿರಲಿಲ್ಲ. ನುಣುಪಾದ ದುಂಡು ಅಲೆ ಹುಟ್ಟಿಸುವ ಸೈನ್ ಆಸಿಲೇಟರ್‌ಗೆ ಮಟ್ಟ ಎಷ್ಟೆಂದು ನೀನು ಹೇಳದಿದ್ದರೆ ಅದು 1 ಎಂದೇ ಹಿಡಿಯುತ್ತದೆ. ಡಿಜಿಟಲ್ ಶಬ್ದದಲ್ಲಿ 1 ಎಂದರೆ ತುತ್ತತುದಿ. ಅದರ ಮೇಲೆ ಜಾಗವೇ ಇಲ್ಲ.

0.1 ಕೊಟ್ಟಿದ್ದರೆ 20 ಡೆಸಿಬಲ್ ಕೆಳಗಿರುತ್ತಿತ್ತು. 0.01 ಕೊಟ್ಟಿದ್ದರೆ 40. ಅಕಸ್ಮಾತ್ 10 ಎಂದು ಬೆರಳು ತಪ್ಪಿದರೆ ಕಾರ್ಡ್ ಆ ಅಲೆಯ ತಲೆಯನ್ನು 1ರ ಹತ್ತಿರ ಕತ್ತರಿಸಿ ಕಳಿಸುತ್ತದೆ. ದುಂಡಗಿದ್ದ ಅಲೆ ಚೌಕಾಕಾರ ಆಗುತ್ತದೆ, ಮೊನಚು ಬರುತ್ತದೆ. ನೀನು ಕಿರ್ರ್ ಎಂದು ಬರೆದದ್ದು ಅದೂ ಆಗಿರಬಹುದು. ಸೈನ್ ಅಲೆ ಸುಮ್ನೆ ಕಿರ್ರ್ ಅನ್ನುವುದಿಲ್ಲ.

ಇಷ್ಟು ವರ್ಷ ರೆಕಾರ್ಡಿಂಗ್ ಸ್ಟುಡಿಯೋದ ಕನ್ಸೋಲ್ ಮುಂದೆ ಕೂತವಳು ಇದನ್ನೆಲ್ಲ ನಿನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬಹುದು. ಯಾಕೆ ಹೇಳಲಿಲ್ಲ ಅಂದರೆ, ನಮ್ಮ ಕಾಲದಲ್ಲಿ ಇದನ್ನು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಜೋರಾಗಿ ಕೇಳುವುದು ಕೆಲಸ ಬಲ್ಲವರ ಲಕ್ಷಣ ಎಂದು ಎಲ್ಲರೂ ನಂಬಿದ್ದರು. ಸ್ಟುಡಿಯೋದಲ್ಲಿ ಪ್ಯಾಚ್ ಬೇ ಅಂತ ಇರುತ್ತಿತ್ತು. ನೀನು ಈಗ ಪರದೆಯ ಮೇಲೆ ಎಳೆಯುವ ತಂತಿ ಇದೆಯಲ್ಲ, ಅದನ್ನೇ ಕೈಯಲ್ಲಿ ಚುಚ್ಚುತ್ತಿದ್ದೆವು. ಒಂದು ಮಧ್ಯಾಹ್ನ ನಾನು ಹೆಡ್‌ಫೋನ್ ಹಾಕಿಕೊಂಡು ಟೇಪ್ ಸದ್ದು ಹುಡುಕುತ್ತಿದ್ದೆ. ಪಕ್ಕದಲ್ಲಿದ್ದವರು ಫೇಡರ್, ಅಂದರೆ ವಾಲ್ಯೂಮಿನ ಪಟ್ಟಿ, ಇಳಿಸದೆ ಕೇಬಲ್ ಚುಚ್ಚಿದರು. ಔಟ್‌ಪುಟ್ ಹೋಗಿ ಅದೇ ಇನ್‌ಪುಟ್‌ಗೆ ಸೇರಿತು. ಎಡಗಿವಿಯಲ್ಲಿ ಏನೋ ಹರಿದ ಹಾಗಾಯಿತು. ನಾನು ಹೆಡ್‌ಫೋನ್ ಕಿತ್ತು ಬಿಸಾಡಿದ್ದು ನೋಡಿ ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬೆಳಿಗ್ಗೆಯ ಹೊತ್ತಿಗೆ ಗುಂಯ್ ನಿಂತಿತ್ತು.

ನಿಂತಿತ್ತು ಅಂದೆನಲ್ಲ, ನನ್ನನ್ನು ಕಾಡುವುದು ಅದೇ. ನಿಂತರೆ ಸರಿಹೋಯಿತು ಎಂದು ನಾವು ಲೆಕ್ಕ ಹಾಕುತ್ತೇವೆ. ಒಳಗಿವಿಯಲ್ಲಿ ಕೂದಲಿನಂಥ ತುದಿ ಇರುವ ಜೀವಕೋಶಗಳು ಒಂದೊಂದು ಕಿವಿಗೆ ಸುಮಾರು 15 ಸಾವಿರ ಮಾತ್ರ. ಜೋರು ಶಬ್ದಕ್ಕೆ ಅವು ಬಳಲಿ ಬಾಗುತ್ತವೆ, ಕೆಲವು ಎದ್ದು ನಿಲ್ಲುತ್ತವೆ, ಕೆಲವು ಸಾಯುತ್ತವೆ. ಹಕ್ಕಿಗಳಿಗೆ ಮತ್ತೆ ಹುಟ್ಟುತ್ತವೆ. ನಮಗೆ ಹುಟ್ಟುವುದಿಲ್ಲ. ಒಂದು ಸಲದ ಏಟಿಗೆ ಗೊತ್ತೇ ಆಗದಿರಬಹುದು. ನನಗೆ ಗೊತ್ತಾಗುವ ಹೊತ್ತಿಗೆ ಎಷ್ಟೋ ಕಾಲ ಕಳೆದಿತ್ತು.

ಇರಲಿ. ನೀನು ಕೇಳಿದ್ದು ಸಾಫ್ಟ್‌ವೇರ್ ಬಗ್ಗೆ.

ಇನ್ನು ಮುಂದೆ ಶಬ್ದ ಬರದಿದ್ದರೆ ಮೊದಲು ಕಣ್ಣಲ್ಲಿ ನೋಡು. ಸೂಪರ್‌ಕೊಲೈಡರ್‌ನಲ್ಲಿ ಸರ್ವರ್ ಮೀಟರ್ ಇದೆ, ತೆರೆದಿಟ್ಟುಕೋ. ಪಟ್ಟಿ ಕುಣಿಯುತ್ತಿದ್ದರೆ ಶಬ್ದ ಹುಟ್ಟುತ್ತಿದೆ, ದಾರಿಯಲ್ಲಿ ಎಲ್ಲೋ ತಪ್ಪಿಸಿಕೊಂಡಿದೆ ಎಂದರ್ಥ. ಆಗ ಯಾವ ವಾಲ್ಯೂಮನ್ನೂ ಮುಟ್ಟಬೇಡ. ಮುಟ್ಟಲೇಬೇಕೆಂದರೆ ಇಳಿಸು. ದಾರಿ ಹುಡುಕು: ಯಾವ ಕಾರ್ಡ್ ಆಯ್ಕೆಯಾಗಿದೆ, ಗ್ರಾಫ್‌ನಲ್ಲಿ ತಂತಿ ಎಲ್ಲಿಗೆ ಹೋಗಿದೆ, ಆಲ್ಸಾಮಿಕ್ಸರ್‌ನಲ್ಲಿ ಕಂಬದ ಕೆಳಗೆ ಎರಡು ಎಂ ಅಕ್ಷರ ಕಾಣುತ್ತಿದೆಯಾ. ಹಾಗೆ ಕಂಡರೆ ಅದು ಮ್ಯೂಟ್. ಎಂ ಒತ್ತಿದರೆ ಬಿಡುತ್ತದೆ, ಕಂಬ ಏರಿಸಬೇಕಾಗಿಲ್ಲ. ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿ ಶಬ್ದ ಮಾಡುವ ಪ್ಯೂರ್ ಡೇಟಾ ಹಾಕಿಕೊಂಡರೆ ಅದರ ಮೀಡಿಯಾ ಮೆನುವಿನಲ್ಲೇ ಪರೀಕ್ಷೆಯ ಸ್ವರ ಇದೆ, 60 ಮತ್ತು 80 ಎಂದು ಎರಡು ಮಟ್ಟದಲ್ಲಿ. 60ರಿಂದ ಶುರು ಮಾಡು. ಅವರ ಲೆಕ್ಕದಲ್ಲಿ 100 ಎಂದರೆ ಆ ತುತ್ತತುದಿ, ಹಾಗಾಗಿ 60 ಎಂದರೆ ಅದಕ್ಕಿಂತ 40 ಡೆಸಿಬಲ್ ಕೆಳಗೆ. ಬುದ್ಧಿವಂತರು ಮಾಡಿದ ಮೆನು ಅದು.

ಹೊಸ ಕೋಡನ್ನು ಮೊದಲ ಸಲ ಓಡಿಸುವಾಗ ಹೆಡ್‌ಫೋನ್ ಮೇಜಿನ ಮೇಲಿರಲಿ. ತುಂಬ ಜೋರಿದ್ದರೆ ಅಲ್ಲಿಂದಲೇ ಕೇಳಿಸುತ್ತದೆ. ಕಂಟ್ರೋಲ್ ಹಿಡಿದು ಫುಲ್‌ಸ್ಟಾಪ್ ಒತ್ತಿದರೆ ಸೂಪರ್‌ಕೊಲೈಡರ್‌ನಲ್ಲಿ ಎಲ್ಲ ನಿಲ್ಲುತ್ತದೆ. ಪ್ಯೂರ್ ಡೇಟಾದಲ್ಲೂ ಅದೇ ಕೀಲಿ ಆಡಿಯೋ ಆರಿಸುತ್ತದೆ. ಆದರೆ ಅದು ಸ್ಪೀಕರ್ ಇದ್ದಾಗ. ಕಿವಿಯ ಮೇಲೆ ಇದ್ದಾಗ ಕೀಲಿ ಹುಡುಕಬೇಡ, ಮೊದಲು ಹೆಡ್‌ಫೋನ್ ಕಿತ್ತುಹಾಕು. ಇದನ್ನು ಹೇಳಬೇಕಾ ಅಂತ ನಗುತ್ತೀಯೇನೋ. ಹೇಳಬೇಕು ಕಣೋ. ಕೈ ಆ ಕ್ಷಣದಲ್ಲಿ ಕೀಬೋರ್ಡ್ ಕಡೆಗೇ ಓಡುತ್ತದೆ.

ಸರ್ವರ್‌ನ ವಾಲ್ಯೂಮನ್ನು ಮೈನಸ್ 20 ಡೆಸಿಬಲ್‌ಗೆ ಇಟ್ಟು ಶುರು ಮಾಡುವುದು ಒಳ್ಳೆಯದು. ಕೊನೆಯಲ್ಲಿ, ಶಬ್ದ ಮಿತಿ ಮೀರದಂತೆ ತಡೆಯುವ ಒಂದು ಲಿಮಿಟರ್ ಹಾಕು. ಸೇಫ್ಟಿನೆಟ್ ಎನ್ನುವ ಕ್ವಾರ್ಕ್, ಅಂದರೆ ಸೂಪರ್‌ಕೊಲೈಡರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ತುಣುಕು, ಇದೆ, ಹೊರಗೆ ಹೋಗುವ ಮುನ್ನ ಶಬ್ದವನ್ನು ಕಾಯುತ್ತದೆ. ಫಿಲ್ಟರ್‌ಗೆ ತಪ್ಪು ಸಂಖ್ಯೆ ಹೋಗಿ ಅದು ಸಿಡಿದಾಗ ಬರುವ ಸಂಖ್ಯೆಯಲ್ಲದ ಸಂಖ್ಯೆಗಳನ್ನೂ ಅದು ಹಿಡಿಯುತ್ತದೆ. ಇದೆಲ್ಲ ಕಾವಲು. ಕಾವಲು ಇದೆ ಎಂದು ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟರೆ ಲಿಮಿಟರ್ ಬಿಟ್ಟುಕೊಡುವ ಶಬ್ದವೇ ಸಾಕು ಕಿವಿ ಕೆಡಲು. ನೋಡು, ಮತ್ತೆ ಗುಂಡಿಗೇ ಬಂದೆ.

ಇನ್ನೊಂದು ನೆನಪಾಯಿತು. ಇಂಥದ್ದೇ ಇನ್ನೊಂದು ಪ್ರೋಗ್ರಾಮ್, ಸಿಸೌಂಡ್, ಕಲಿಯಬೇಕು ಎಂದಿದ್ದೆಯಲ್ಲ. ಅದು ಹಳೆಯದು, 1986ರಲ್ಲಿ ಎಂಐಟಿಯಲ್ಲಿ ಬ್ಯಾರಿ ವರ್ಕೋ ಬರೆದದ್ದು. ಹಳೆಯದಾದ್ದರಿಂದ ಹಳೆಯ ಉದಾಹರಣೆಗಳೂ ರಾಶಿ ಇವೆ. ಅವುಗಳಲ್ಲಿ ಶಬ್ದದ ಮಟ್ಟ 10000 ಎಂದೆಲ್ಲ ಇರುತ್ತದೆ. ಆಗ ತುತ್ತತುದಿ 32768. ಈಗ ಬರೆಯುವವರು ಫೈಲಿನ ತಲೆಯಲ್ಲಿ ತುತ್ತತುದಿ 1 ಎಂದು ಘೋಷಿಸುತ್ತಾರೆ. ಹಳೆಯ ವಾದ್ಯವನ್ನು ಹಾಗೇ ಎತ್ತಿ ಹೊಸ ಫೈಲಿನಲ್ಲಿ ಅಂಟಿಸಿದರೆ, 1ರೊಳಗೆ ಇರಬೇಕಾದ ಕಡೆ 10000. ಹೆಡ್‌ಫೋನ್ ಹಾಕಿಕೊಂಡು ಹಾಗೆ ಅಂಟಿಸಬೇಡ, ದಯವಿಟ್ಟು.

ಆದರೆ ಸಿಸೌಂಡ್‌ನಲ್ಲಿ ಒಂದು ನೆಮ್ಮದಿ ಇದೆ. ಶಬ್ದವನ್ನು ನೇರ ಕಿವಿಗೆ ಕಳಿಸದೆ ಫೈಲಿಗೆ ಬರೆಸಬಹುದು. ಬರೆದು ಮುಗಿಸಿದಾಗ ಎಷ್ಟು ಸ್ಯಾಂಪಲ್, ಅಂದರೆ ಅಲೆಯ ಬಿಂದು, ಮಿತಿ ದಾಟಿತು ಎಂದು ಅದೇ ಹೇಳುತ್ತದೆ. ಆ ಫೈಲನ್ನು ಶಬ್ದ ತಿದ್ದುವ ಆಡಾಸಿಟಿಯಲ್ಲಿ ತೆಗೆದು ಅಲೆಯ ಎತ್ತರ ನೋಡಿ, ಆಮೇಲೆ ಕೇಳು. ತಡವಾಗುತ್ತದೆ ನಿಜ. 1957ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ತಮ್ಮ ಮೊದಲ ಸಂಗೀತ ಪ್ರೋಗ್ರಾಮ್ ಬರೆದಾಗ ಕಂಪ್ಯೂಟರ್ ಇದ್ದದ್ದು ಒಂದು ಊರು, ಟೇಪನ್ನು ಶಬ್ದ ಮಾಡುವ ಯಂತ್ರ ಇದ್ದದ್ದು ಇನ್ನೊಂದು ಊರು. ಟೇಪ್ ಹೊತ್ತುಕೊಂಡು ಹೋಗಿ ಕೇಳಬೇಕಿತ್ತು. ಅಷ್ಟು ಕಾಯಿಸಿಕೊಂಡವರಿಗೆ ಇಂಥ ಅಪಘಾತ ಕಡಿಮೆ ಇದ್ದಿರಬೇಕು ಎಂದು ನನ್ನ ಊಹೆ.

ನನ್ನ ವಿಷಯ ಪೂರ್ತಿ ಹೇಳಲಿಲ್ಲ. ಕೆಲಸಕ್ಕಾಗಿ ಕೇಳಿದ್ದೇ ಜಾಸ್ತಿ ನಾನು. ಬೇರೆಯವರ ಹಾಡು, ಬೇರೆಯವರ ಮಾತು, ಒಂದೇ ತುಂಡನ್ನು ಹಿಂದೆ ಮುಂದೆ ಓಡಿಸಿ ಓಡಿಸಿ ಕೇಳಿದ್ದು. ಬಿಡುವಾದ ಮೇಲೆ ನನಗೆ ಬೇಕಾದ್ದನ್ನು ನಿಧಾನವಾಗಿ ಕೂತು ಕೇಳೋಣ ಎಂದು ಒಂದು ಆಸೆ ಇಟ್ಟುಕೊಂಡಿದ್ದೆ. ಬಿಡುವೇನೋ ಬಂತು. ನೀನು ಕಳೆದ ಸಲ ಬಂದಾಗ ನನ್ನ ಕಂಪ್ಯೂಟರ್‌ಗೆ ಪ್ಯೂರ್ ಡೇಟಾ ಹಾಕಿಕೊಟ್ಟೆಯಲ್ಲ, ಅದರಲ್ಲಿ ಒಂದು ಆಸಿಲೇಟರ್, ಒಂದು ಸ್ಲೈಡರ್ ಇಟ್ಟು, ಸಣ್ಣ ಸದ್ದಿನಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾ ಹೋದೆ. ಬಲಗಿವಿಗೆ ಸ್ವರ ಏರುತ್ತಾ ಹೋಯಿತು. ಎಡಗಿವಿಗೆ 3000 ಹರ್ಟ್ಸ್ ದಾಟಿದ ಮೇಲೆ ತೆಳುವಾಗಿ, 4000ದ ಹತ್ತಿರ ಇಲ್ಲವೇ ಇಲ್ಲ. ಇನ್ನೂ ಮೇಲೆ ಹೋದರೆ ಸ್ವಲ್ಪ ಮತ್ತೆ ಬಂತು. ಶಬ್ದದ ಏಟು ತಿಂದ ಕಿವಿಯ ಗುರುತೇ ಆ 4000ದ ಹಳ್ಳ. ಡಾಕ್ಟರು ಆಮೇಲೆ ಬರೆದುಕೊಟ್ಟ ನಕ್ಷೆಯಲ್ಲೂ ಅದೇ ಜಾಗದಲ್ಲಿ ಗೆರೆ ಕೆಳಗೆ ಇಳಿದಿತ್ತು. ಮಾತಿನಲ್ಲಿ ಸ, ಶ, ಚ ಇವೆಲ್ಲ ಸ್ಪಷ್ಟವಾಗುವುದು ಆ ಸುತ್ತಿನಲ್ಲೇ. ಫೋನನ್ನು ಬಲಗಿವಿಗೇ ಯಾಕೆ ಹಿಡಿಯುತ್ತೀರಿ ಅತ್ತೆ ಎಂದು ನೀನು ಕೇಳಿದ್ದೆ. ಈಗ ಉತ್ತರ ಗೊತ್ತಾಯಿತಲ್ಲ. ತಂಬೂರಿಯ ತಂತಿ ಮೀಟಿದಾಗ ಮೇಲಿನಿಂದ ಇಳಿಯುವ ಆ ಝೇಂಕಾರ ಒಂದು ಕಡೆಯಿಂದ ಮಾತ್ರ ಬರುತ್ತದೆ ನನಗೆ. ಅದಕ್ಕೆ ಯಾರನ್ನು ಬೈಯಲಿ?

ಇದನ್ನು ನಿನ್ನಪ್ಪನಿಗೂ ಹೇಳಿಲ್ಲ. ಹೇಳಬೇಡ.

ಸರಿ, ಬಫರ್. 1024 ಇಡು. ಸೆಕೆಂಡಿಗೆ 48000 ಸ್ಯಾಂಪಲ್ ದರದಲ್ಲಿ ಅದು 21 ಮಿಲಿಸೆಕೆಂಡ್ ಚಿಲ್ಲರೆ. 256 ಇಟ್ಟರೆ 5 ಚಿಲ್ಲರೆ. ನೀನು ಕೀಬೋರ್ಡ್ ನುಡಿಸುತ್ತಿಲ್ಲ, ಕೋಡ್ ಬರೆಯುತ್ತಿದ್ದೀಯ, ಆ 16 ಮಿಲಿಸೆಕೆಂಡ್‌ಗೆ ಅಷ್ಟು ಒದ್ದಾಡಬೇಕಾಗಿಲ್ಲ. ನಡುನಡುವೆ ಚಟ್ ಚಟ್ ಎಂದು ಸಿಡಿಯುತ್ತದೆ ಎಂದಿದ್ದೆ. ಅದು ಎಕ್ಸ್‌ರನ್, ಶಬ್ದ ಸಮಯಕ್ಕೆ ತಯಾರಾಗದೆ ತಪ್ಪಿಹೋಗುವುದು. ಬಫರ್ ದೊಡ್ಡದಾದರೆ ಕಡಿಮೆಯಾಗುತ್ತದೆ. ರಿಯಲ್‌ಟೈಮ್ ಅನುಮತಿಗಾಗಿ ನಿನ್ನನ್ನು ಆಡಿಯೋ ಗುಂಪಿಗೆ ಸೇರಿಸಿಕೊಂಡಿದ್ದರೆ ಒಮ್ಮೆ ಲಾಗ್‌ಔಟ್ ಆಗಿ ಬಾ, ಇಲ್ಲದಿದ್ದರೆ ಸೇರಿದ್ದು ಲೆಕ್ಕಕ್ಕೆ ಬರುವುದಿಲ್ಲ. ಸಣ್ಣ ವಾಲ್ಯೂಮ್‌ನಲ್ಲಿ ಆ ಚಟ್ ಚಟ್ ಕಿವಿಗೆ ಏನೂ ಮಾಡುವುದಿಲ್ಲ. ಅದಕ್ಕೆ ಹೆದರಬೇಡ. ಜ್ಯಾಕ್ ಬೇರೆ ಬೇಡ, ಪೈಪ್‌ವೈರ್‌ನ ಜೊತೆಗೇ ಬರುವ ಜ್ಯಾಕ್ ಸಾಕು. ಈ ವಿಷಯದಲ್ಲಿ ನನಗಿಂತ ನಿನಗೇ ಜಾಸ್ತಿ ಗೊತ್ತು, ನಾನು ಓದಿದ್ದನ್ನು ಹೇಳಿದೆ ಅಷ್ಟೇ.

ಎಷ್ಟು ಹೊತ್ತು ಕೇಳಬಹುದು ಎಂದು ನೀನು ಕೇಳಲಿಲ್ಲ, ಆದರೂ ಬರೆಯುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ. 90 ಆದರೆ 4 ಗಂಟೆ. 100 ಆದರೆ ಇಡೀ ವಾರಕ್ಕೆ 20 ನಿಮಿಷ. ರಾತ್ರಿ ಒಂದೇ ಕೋಡನ್ನು ತಿದ್ದಿ ತಿದ್ದಿ ಕೇಳುತ್ತಾ ಕೂತಾಗ ಕಿವಿ ಒಗ್ಗಿಹೋಗುತ್ತದೆ, ಗೊತ್ತಾಗದೆ ಏರಿಸುತ್ತಾ ಹೋಗುತ್ತೇವೆ. ಶುರು ಮಾಡುವಾಗ ಗುಂಡಿ ಎಲ್ಲಿತ್ತು ಎಂದು ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿಕೋ. ಅದನ್ನು ದಾಟುವ ಹಾಗೆ ಅನ್ನಿಸಿದರೆ ಎದ್ದು ಹೋಗಿ ಮಲಗು.

ಬಿಡು ಎಂದು ನಾನು ಹೇಳುವುದಿಲ್ಲ. ನೀನು ಕಳಿಸಿದ ಆ ತುಣುಕು ಕೇಳಿದೆ, ಬಲಗಿವಿಯಲ್ಲಿ. ಕೆಳಗಿನ ಸ್ವರ ಚೆನ್ನಾಗಿದೆ. ಮೇಲಿನದು ಸ್ವಲ್ಪ ಚುಚ್ಚುತ್ತದೆ, ಫಿಲ್ಟರ್ ಇಳಿಸಿ ನೋಡು.

ಆ ಕಿರ್ರ್ ಬಂದದ್ದು ಎರಡೂ ಕಿವಿಗಾ, ಒಂದಕ್ಕಾ ಎಂದು ನೀನು ಬರೆದೇ ಇಲ್ಲ. ಸೂಪರ್‌ಕೊಲೈಡರ್‌ನಲ್ಲಿ ಒಂದೇ ಆಸಿಲೇಟರ್ ಇದ್ದರೆ ಅದು ಎಡಕ್ಕೆ ಮಾತ್ರ ಹೋಗಿರಲೂ ಸಾಕು. ಆವತ್ತಿನ ಕೋಡನ್ನೂ ಕಳಿಸು, ಯಾವ ಕಿವಿ ಎಂದೂ ಬರಿ. ಪತ್ರ ತಡವಾಗುವುದಾದರೆ ಫೋನ್ ಮಾಡು.

ನಿನ್ನ
ಅತ್ತೆ

ಮರೆತಿದ್ದೆ: ಲಿನಕ್ಸ್ ಒಂದೊಂದು ಸಾಧನದ ವಾಲ್ಯೂಮನ್ನು ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತದೆ. ಈ ಹೆಡ್‌ಫೋನ್‌ನಲ್ಲಿ ಇಳಿಸಿದ್ದೇನೆ ಎಂದು ಇನ್ನೊಂದನ್ನು ಚುಚ್ಚಿದರೆ ಅದು ಅವತ್ತು ನೀನು ಏರಿಸಿಟ್ಟ ನೂರರಲ್ಲೇ ಕೂತಿರಬಹುದು. ಎಲ್ಲವನ್ನೂ ಒಂದೊಂದಾಗಿ ಚುಚ್ಚಿ ಇಳಿಸು. ಚುಚ್ಚುವಾಗ ಕಿವಿಯಲ್ಲಿ ಇರಬಾರದು.